ಪಾಸಾದ ಸ್ಯಾಂಪಲ್

ಹೆಂಗಸರ ಶೌಚಾಲಯದ ಬಾಗಿಲು ತಳ್ಳಿದ ಕೂಡಲೇ ಅವಳಿಗೆ ತನ್ನ ಅಡುಗೆಮನೆಯ ವಾಸನೆ ಬಂತು. ನಿಂಬೆಹುಲ್ಲಿನ ಪರಿಮಳ, ಅದರ ಹಿಂದೆಯೇ ಮೂಗಿನೊಳಗೆ ಏರುವ ಎಣ್ಣೆಯ ಘಾಟು. ಫಿನಾಯಿಲಿಗೆ ನಿಂಬೆಹುಲ್ಲಿನ ಪರಿಮಳ ಹಾಕುವವಳು ಆ ಸುತ್ತಮುತ್ತಲಲ್ಲಿ ಅವಳೊಬ್ಬಳೇ. ಮೂಲೆಯಲ್ಲಿ ಅವಳದೇ ಕ್ಯಾನು ಇತ್ತು. ಅದರ ಹೊಟ್ಟೆಯ ಮೇಲೆ ಅವಳೇ ಅಂಟಿಸಿದ ಚೀಟಿ: ‘ಸ್ಯಾಂಪಲ್’. ಪಕ್ಕದಲ್ಲಿ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು ಪೊರಕೆ ಹಿಡಿದು ನಿಂತಿದ್ದವನು ಅವಳ ಮೈದುನ.

“ಅತ್ತಿಗೆ, ಒಂಚೂರು ನಿಂತ್ಕೊಳ್ಳಿ. ನೆಲ ಒದ್ದೆ ಇದೆ, ಜಾರುತ್ತೆ.”

“ನೀನಿಲ್ಲೇನು ಮಾಡ್ತಿದೀಯ? ಆಫೀಸು ಕೆಲಸ ಕಲೀತಿದೀನಿ ಅಂದಿದ್ಯಲ್ಲ?”

“ಇದೂ ಆಫೀಸಿನದ್ದೇ ಅಲ್ವಾ?” ಅವನು ನಗಲು ನೋಡಿದ. “ಅಭ್ಯಾಸ ಅತ್ತಿಗೆ. ಎಲ್ಲಾ ವಿಭಾಗದಲ್ಲೂ ಅಭ್ಯಾಸ ಆಗ್ಬೇಕಂತೆ, ಆಮೇಲೆ ಖಾಯಂ ಮಾಡ್ತಾರಂತೆ.”

“ಬೇರೆ ಯಾವ ವಿಭಾಗ ಆಯ್ತು?”

“ಗಂಡಸರದ್ದು,” ಎಂದ.

ಕಾರ್ಖಾನೆ ಮುಚ್ಚುವ ತನಕ ಅವನು ಬಸ್ಸುಗಳಿಗೆ ಬಣ್ಣ ಹೊಡೆಯುತ್ತಿದ್ದವನು. ಈಗ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಈ ನೆರವು ಕೇಂದ್ರಕ್ಕೆ ಬರುತ್ತಿದ್ದ. ಸಣ್ಣ ವ್ಯಾಪಾರದವರಿಗೂ ಕೆಲಸ ಹುಡುಕುವವರಿಗೂ ದಾರಿ ತೋರಿಸುವ ಕೇಂದ್ರ ಎಂದು ಬಾಗಿಲ ಮೇಲೆ ಬರೆದಿತ್ತು. ಆ ಫಲಕವೂ ಯಾರದೋ ಸ್ಯಾಂಪಲ್ಲೇ ಇರಬೇಕು ಎಂದು ಅವಳಿಗೆ ಈಗ ಹೊಳೆಯಿತು. ಹೊಳೆದ ಮೇಲೆ ಕಣ್ಣು ಎಲ್ಲಿ ಹೋದರೂ ಅದೇ. ಕಿಟಕಿಗಳಲ್ಲಿ ಹೊಲಿಗೆಯವಳ ಸ್ಯಾಂಪಲ್ ಪರದೆ. ಮೇಜುಗಳ ಮೇಲೆ ಕುಂಬಾರನ ಸ್ಯಾಂಪಲ್ ಲೋಟ. ಬಾಗಿಲು ಕಾಯುವ ಅಭ್ಯಾಸದಲ್ಲಿ ಒಬ್ಬ, ಚಹಾ ಕೊಡುವ ಅಭ್ಯಾಸದಲ್ಲಿ ಒಬ್ಬ ಪದವೀಧರ. ಇಲ್ಲಿ ಯಾರೂ ಬಿಟ್ಟಿ ದುಡಿಯುತ್ತಿರಲಿಲ್ಲ, ಅಭ್ಯಾಸ ಮಾಡುತ್ತಿದ್ದರು. ಯಾರೂ ಪುಕ್ಕಟೆ ಕೊಡುತ್ತಿರಲಿಲ್ಲ, ಪರೀಕ್ಷೆಗೆಂದು ಕೊಡುತ್ತಿದ್ದರು. ಅವಳು ಬಂದ ಕೆಲಸ ಮರೆತು ಹೊರಗೆ ಬಂದಳು.

ಮೇಲಿನ ಕೋಣೆಯಲ್ಲಿ ಸಂಯೋಜಕರು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದರು. ಮೆತ್ತಗಾದ ತುಂಡು ಲೋಟದೊಳಗೆ ಬಿದ್ದುಹೋಯಿತು. ಅದನ್ನು ಎರಡು ಬೆರಳಲ್ಲಿ ಹುಡುಕುತ್ತಲೇ ಮಾತಾಡಿದರು.

“ಬನ್ನಿ ಫಿನಾಯಿಲಮ್ಮ. ಲ್ಯಾಬಿನವರು ಇನ್ನೊಂದು ಸ್ಯಾಂಪಲ್ ಕೇಳ್ತಿದಾರೆ. ಈ ಸಲ ದೊಡ್ಡ ಕ್ಯಾನಲ್ಲಿ ತನ್ನಿ.”

“ಮತ್ತೆ ಕೆಳಗಿನ ಮಳಿಗೆ, ಸರ್?”

“ಲ್ಯಾಬಲ್ಲಿ ಪಾಸಾದ್ರೆ ನಿಮ್ಮದೇ ಅಂದ್ಕೊಳ್ಳಿ. ಮುಂದಿನ ವಾರ ಸಮಾರಂಭ. ಅಷ್ಟರೊಳಗೆ ತಂದುಬಿಡಿ.”

ಕೇಂದ್ರದ ಕೆಳಗೆ ಒಂದೇ ಒಂದು ಮಳಿಗೆ ಖಾಲಿ ಇತ್ತು. ಅವಳಿಗೆ ಅದು ಬೇಕೇಬೇಕಿತ್ತು. ಮನೆಯಲ್ಲಿ ಫಿನಾಯಿಲು ಕಲಸುವ ಹೊತ್ತಿಗೆ ಅತ್ತೆಗೆ ಕೆಮ್ಮು ಹತ್ತುತ್ತಿತ್ತು. ಮಹಡಿಯ ಮೇಲಿದ್ದ ಮಾಲೀಕನಂತೂ ತಿಂಗಳ ಕೊನೆಗೆ ಆ ವಾಸನೆ ಹೋಗಬೇಕು, ಇಲ್ಲಾ ನೀವು ಹೋಗಬೇಕು ಎಂದು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದ. ‘ನಿಮ್ಮ ಲ್ಯಾಬು ಕೆಳಗೆ ಬಲಗಡೆ ಇದೆ, ನೋಡಿ ಬಂದೆ’ ಎನ್ನಬೇಕೆಂದು ಅವಳ ನಾಲಿಗೆ ತುದಿಗೆ ಬಂದಿತ್ತು.

“ಆಗ್ಲಿ ಸರ್,” ಅಂದಳು.

ದಾರಿಯುದ್ದಕ್ಕೂ ಅವಳಿಗೆ ಹೇಸಿಗೆ ಹುಟ್ಟಿಸಿದ್ದು ಆ ಬಿಸ್ಕತ್ತೂ ಅಲ್ಲ, ಆ ಬೆರಳುಗಳೂ ಅಲ್ಲ, ತನ್ನದೇ ಆ ‘ಆಗ್ಲಿ ಸರ್’.

ಮನೆಗೆ ಬಂದು ದೊಡ್ಡ ಕ್ಯಾನನ್ನು ನಲ್ಲಿಯ ಕೆಳಗಿಟ್ಟಳು. ಒಂದು ಮುಚ್ಚಳ ಫಿನಾಯಿಲಿನ ಎಣ್ಣೆ ಬಿದ್ದರೆ ಸಾಕು, ಕ್ಯಾನಿನಷ್ಟು ನೀರೂ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ನಾಲ್ಕು ಹನಿ ಪರಿಮಳ ಬಿಟ್ಟು ಮುಚ್ಚಳ ತಿರುಗಿಸಿದಳು.

“ಇವತ್ತೇನೇ, ಘಾಟೇ ಇಲ್ವಲ್ಲ?” ಒಳಗಿನಿಂದ ಅತ್ತೆ ಕೇಳಿದರು.

“ಇವತ್ತು ಕೇಂದ್ರಕ್ಕೆ ಮಾಡ್ತಿರೋದು ಅತ್ತೆ.”

“ದಿನಾ ಕೇಂದ್ರಕ್ಕೇ ಮಾಡಮ್ಮ ಹಾಗಾದ್ರೆ,” ಅಂದರು ಅವರು. ಅವಳು ಬಹಳ ದಿನಗಳ ಮೇಲೆ ಜೋರಾಗಿ ನಕ್ಕಳು.

ಸಮಾರಂಭದ ದಿನ ಕೇಂದ್ರದ ಮೆಟ್ಟಿಲಲ್ಲೇ ಅವಳಿಗೆ ನಾತ ಎದುರಾಯಿತು. ವಾರವಿಡೀ ಸಿದ್ಧತೆಗೆ ಜನ ಬಂದು ಹೋಗಿದ್ದರು, ಸೆಖೆ ಬೇರೆ. ಬೆಳಗಿನಿಂದ ಎರಡು ಬಸ್ಸಿನಷ್ಟು ಅತಿಥಿಗಳು ಇಳಿದಿದ್ದರು. ಹಳೆಯ ಉಚ್ಚೆಯ ನಾತ ಕಾರಿಡಾರು ದಾಟಿ, ಸಭಾಂಗಣದ ಹೊಸ ಪರದೆಗಳಿಗೆ ಹತ್ತಿಕೊಂಡಿತ್ತು. ಶೌಚಾಲಯದ ಬಾಗಿಲಲ್ಲಿ ಸಂಯೋಜಕರು ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದರು. ಎದುರಿಗೆ ಮೈದುನ. ಅವನ ತೋಳು ಮೊಣಕೈಯವರೆಗೆ ಕೆಂಪಗಾಗಿತ್ತು.

“ನಾಚ್ಕೆ ಆಗಲ್ವೇನಯ್ಯ? ಒಂದು ನೆಲ ತೊಳೆಯೋಕೆ ಬರಲ್ಲ, ಇವನಿಗೆ ಖಾಯಂ ಕೆಲಸ ಬೇಕಂತೆ! ನಾಳೆಯಿಂದ ಬರ್ಬೇಡ.”

“ಸರ್, ರಾತ್ರಿಯೆಲ್ಲಾ ಉಜ್ಜಿದೀನಿ ಸರ್. ಫಿನಾಯಿಲು ಬಗ್ಗಿಸಿ ಬಗ್ಗಿಸಿ ಹಾಕಿದೀನಿ.”

“ಯಾವ ಫಿನಾಯಿಲು? ಇಲ್ಲಿ ಫಿನಾಯಿಲೆಲ್ಲಿದೆ?”

ನೀರು ತುಂಬುವಾಗ ಅವಳು ಸಂಯೋಜಕರ ಬೆರಳುಗಳನ್ನಷ್ಟೇ ನೆನೆದಿದ್ದಳು. ಪೊರಕೆ ಯಾರ ಕೈಯಲ್ಲಿದೆ ಎಂಬುದನ್ನಲ್ಲ. ಅವಳು ಇಬ್ಬರ ನಡುವೆ ಹೋಗಿ ನಿಂತಳು.

“ಸರ್, ಅವನ ತಪ್ಪಲ್ಲ. ಆ ಕ್ಯಾನಲ್ಲಿ ಇದ್ದಿದ್ದು ನೀರು. ನಾನೇ ತುಂಬಿದ್ದು.”

ಮೈದುನ ಅವಳ ಕಡೆ ತಿರುಗಿದ. ಸಂಯೋಜಕರು ಕರವಸ್ತ್ರವನ್ನು ಸ್ವಲ್ಪ ಕೆಳಗಿಳಿಸಿದರು. ಅವರಿಗೆ ಸಿಟ್ಟು ಬಂದ ಹಾಗೆ ಕಾಣಲಿಲ್ಲ.

“ನೀವು ಸ್ಯಾಂಪಲ್ ಕೊಟ್ಟಿದ್ದು ಲ್ಯಾಬಿಗಲ್ವಾ?”

“ಹೌದು ಸರ್, ಆದ್ರೆ...”

“ಲ್ಯಾಬಿಗೆ ಕೊಟ್ಟಿದ್ದು ಇಲ್ಲಿಗೆ ಹೇಗಮ್ಮ ಬರುತ್ತೆ?”

“ಬಂದಿದೆ ಸರ್. ಅಲ್ಲೇ ಮೂಲೇಲಿದೆ, ನೋಡಿ.”

ಅವರು ನೋಡಲಿಲ್ಲ. “ಅಲ್ಲೇನೂ ಇಲ್ಲ. ನಿಮ್ಮ ಸ್ಯಾಂಪಲ್ ಲ್ಯಾಬಿಗೆ ಹೋಗಿದೆ, ಪಾಸಾಗಿದೆ. ಇನ್ನೊಂದು ಗಳಿಗೆಗೆ ನಿಮ್ಮನ್ನ ವೇದಿಕೆಗೆ ಕರೀತಾರೆ. ಈಗ ನೀವೇ ಹೇಳಿ. ನೀರು ಪಾಸಾಗುತ್ತಾ?”

ಒಳಗೆ ಮೈಕು ಕೀರಲು ಧ್ವನಿಯಲ್ಲಿ ಕೂಗಿ ಸುಮ್ಮನಾಯಿತು. ಮೈದುನ ಪೊರಕೆಯನ್ನು ಗೋಡೆಗೆ ಒರಗಿಸಿದ. ಅದು ಜಾರಿತು. ಮತ್ತೆ ಒರಗಿಸಿದ. ಅತ್ತೆಯ ಕೆಮ್ಮು, ಮಹಡಿಯ ಮೇಲಿನ ಮಾಲೀಕನ ಚಪ್ಪಲಿಯ ಸದ್ದು, ಕೆಳಗಿನ ಮಳಿಗೆಯ ನೀಲಿ ಶಟರು ಎಲ್ಲಾ ಒಟ್ಟಿಗೆ ಅವಳ ನೆನಪಿಗೆ ಬಂದವು.

“ಇಲ್ಲ ಸರ್,” ಎಂದಳು. “ನೀರು ಪಾಸಾಗಲ್ಲ.”

“ಮತ್ತೆ?” ಎಂದು ಅವರು ಕರವಸ್ತ್ರವನ್ನು ಮೂಗಿಗೇರಿಸಿಕೊಂಡು ಒಳಗೆ ನಡೆದರು.

ವೇದಿಕೆಯ ಮೇಲೆ ಯಾರೋ ಅವಳ ಫಿನಾಯಿಲನ್ನು ಹೊಗಳಿದರು. ಗುಣಮಟ್ಟದಲ್ಲಿ ಮೊದಲಿಗಿಂತ ಎಷ್ಟೋ ಸುಧಾರಿಸಿದೆ ಎಂದರು. ಮಳಿಗೆಯ ಬೀಗದ ಕೈಯನ್ನು ಅಂಗೈಯಲ್ಲಿಟ್ಟರು. ಅದು ಫೋಟೋದಲ್ಲಿ ಕಾಣುವುದಿಲ್ಲವೆಂದು, ಫಲಕ ಬರೆಯುವವನ ಹತ್ತಿರ ಮಾಡಿಸಿದ್ದ ಥರ್ಮೊಕೋಲಿನ ಆಳೆತ್ತರದ ಬೀಗದ ಕೈಯೊಂದನ್ನೂ ತಬ್ಬಿ ಹಿಡಿಯಲು ಹೇಳಿದರು. ಸಭೆಯ ಅರ್ಧ ಜನರ ಒಂದು ಕೈ ಮೂಗಿನ ಮೇಲಿತ್ತು. ಅವರು ಇನ್ನೊಂದು ಕೈಯಿಂದ ತೊಡೆ ತಟ್ಟಿಕೊಂಡು ಚಪ್ಪಾಳೆಯ ಸದ್ದು ಮಾಡಿದರು. “ನಗಬೇಕಮ್ಮ,” ಎಂದ ಫೋಟೋದವನು. ಬಾಯಿಂದ ಉಸಿರಾಡುತ್ತ ಅವಳು ಹಲ್ಲು ಕಾಣಿಸಿದಳು.

ಮನೆಗೆ ಹೋಗುವ ಬಸ್ಸು ತುಂಬಿತ್ತು. ಮುಂದಿನ ಬಾಗಿಲಿಂದ ಹತ್ತಿದ ಮೈದುನನಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತು. ಅವನ ಪಕ್ಕದಲ್ಲಿದ್ದ ಮನುಷ್ಯ ಒಂದು ನಿಲ್ದಾಣ ಸಹಿಸಿಕೊಂಡು ಎದ್ದುಹೋದ. ಆ ಸೀಟು ಹಾಗೇ ಉಳಿಯಿತು. ನಿಂತವರು ಒಬ್ಬರ ಮೇಲೊಬ್ಬರು ಬಿದ್ದರೂ ಅತ್ತ ಹೋಗಲಿಲ್ಲ. ಅವಳು ಥರ್ಮೊಕೋಲನ್ನು ತಲೆಯ ಮೇಲೆತ್ತಿ, ಜನರನ್ನು ದಾಟಿ ಬಂದು ಅವನ ಹತ್ತಿರ ನಿಂತಳು. ಅವನು ಕಿಟಕಿಯಾಚೆ ನೋಡುತ್ತಿದ್ದ.

“ಅತ್ತಿಗೆ, ನಿಜ್ವಾಗ್ಲೂ ನೀರೇ ಇತ್ತಾ?”

“ಹೂಂ.”

ಅವನು ಕೆಂಪಗಾದ ತನ್ನ ತೋಳು ನೋಡಿಕೊಂಡು, “ನಂಗೆ ಉಜ್ಜೋಕೆ ಬರಲ್ಲ ಅಂದ್ಕೊಂಡಿದ್ದೆ,” ಎಂದ.

ಬಸ್ಸು ತಿರುವಿನಲ್ಲಿ ವಾಲಿತು. “ಅದನ್ನ ಇಲ್ಲಿ ಕೊಡಿ, ಮುರಿದುಹೋಗುತ್ತೆ,” ಎಂದು ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು ಕೈ ನೀಡಿದ. ಅವಳು ಕೊಟ್ಟು ಪಕ್ಕದಲ್ಲಿ ಕುಳಿತಳು. ಅವನು ಹೆಗಲನ್ನು ಕುಗ್ಗಿಸಿಕೊಂಡು, ಅವಳ ಒಳ್ಳೆಯ ಸೀರೆಗೆ ತಾಗದ ಹಾಗೆ ಕಿಟಕಿಯ ಸರಳುಗಳಿಗೆ ಅಂಟಿಕೊಂಡ. ಆ ಬಿಳಿಯ ಬೀಗದ ಕೈಯನ್ನು, ಎಲ್ಲಿ ಕಲೆಯಾಗುತ್ತದೋ ಎಂದು, ಬೆರಳ ತುದಿಗಳಲ್ಲಷ್ಟೇ ನೆಟ್ಟಗೆ ಹಿಡಿದುಕೊಂಡ.