ಚೆನ್ನಾಗಿದೆ ಅನ್ನಬಾರದ ಕೆಲಸ

ಮನೆ ಕೊಳ್ಳುವವರು ದುಡ್ಡು ಕೊಡುವ ಮೊದಲು ನನ್ನನ್ನು ಕರೆಸುತ್ತಾರೆ. ಟಾರ್ಚು, ಏಣಿ, ಗೋಡೆಯ ತೇವ ಅಳೆಯುವ ಯಂತ್ರ, ಒಂದು ಗಾಜಿನ ಗೋಲಿ ಹಿಡಿದುಕೊಂಡು ಹೋಗಿ, ಸೂರಿನಿಂದ ಚರಂಡಿಯವರೆಗೆ ನೋಡಿ ವರದಿ ಕೊಡುವುದು ನನ್ನ ಕೆಲಸ. ಗೋಲಿ ಯಾಕೆಂದರೆ, ನೆಲದ ಮೇಲಿಟ್ಟಾಗ ಅದು ಉರುಳಿದ ಕಡೆಗೆ ನೆಲ ವಾಲಿದೆ ಎಂದರ್ಥ. ಅದಕ್ಕೆ ವಕೀಲರ ಭಯವಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ.

ನನಗೆ ಭಯವಿದೆ. ಒಬ್ಬ ಗೆಳೆಯನಿದ್ದ, ಒಂದೇ ತಟ್ಟೆಯಲ್ಲಿ ಉಂಡವರು ನಾವು. ಅವನು ಕೊಳ್ಳಲಿದ್ದ ಮನೆ ನೋಡಿ, "ಚೆನ್ನಾಗಿದೆ ಕಣೋ, ತಗೋ" ಎಂದೆ. ತಗೊಂಡ. ಆಮೇಲೆ ಪಕ್ಕದ ಮನೆಯವರು ನಾಯಿ ಸಾಕಿದರು, ಅದು ರಾತ್ರಿಯೆಲ್ಲ ಬೊಗಳಿತು, ಇವನ ನಿದ್ದೆ ಕೆಟ್ಟಿತು. ಮಹಾರಾಯ ಕೇಸು ಹಾಕಿದ್ದು ನಾಯಿ ಸಾಕಿದವರ ಮೇಲಲ್ಲ, ನನ್ನ ಮೇಲೆ. ನಾನು ಚೆನ್ನಾಗಿದೆ ಅಂದಿದ್ದೆನಂತೆ. ಕೇಸು ಬಿದ್ದುಹೋಯಿತು, ನ್ಯಾಯಾಧೀಶರೇ ನಗು ತಡೆದುಕೊಂಡರು. ಆದರೆ ಅಷ್ಟರೊಳಗೆ ಎದುರು ಬೆಂಚಿನಲ್ಲಿ ಕೂತ ಗೆಳೆಯ ನನ್ನ ಮುಖ ನೋಡುವುದನ್ನೇ ಬಿಟ್ಟಿದ್ದ.

ನನ್ನ ವಕೀಲರು ಬುದ್ಧಿ ಹೇಳಿದರು: "ಇನ್ಮೇಲೆ ಚೆನ್ನಾಗಿದೆ ಅನ್ನೋ ಮಾತು ನಿಮ್ಮ ಬಾಯಲ್ಲಿ ಬರಬಾರದು. 'ನೋಡಿದ ಹೊತ್ತಿನಲ್ಲಿ, ಕಣ್ಣಿಗೆ ಕಂಡಷ್ಟರ ಮಟ್ಟಿಗೆ, ದೋಷ ಕಂಡುಬಂದಿಲ್ಲ.' ಅಷ್ಟೇ. ಯಾರೇ ಕೇಳ್ಲಿ."

ಅಂದಿನಿಂದ ಬಾಯಿಗೆ ಬೀಗ. ಹೋಟೆಲಿನವನು ಊಟ ಹೇಗಿತ್ತು ಸಾರ್ ಎಂದರೂ ಬಾಯಿಗೆ ವಕೀಲರ ಅದೇ ವಾಕ್ಯ ಬರುತ್ತಿತ್ತು. ಈಗ ಅವನು ಕೇಳುವುದನ್ನೂ ಬಿಟ್ಟಿದ್ದಾನೆ. ಬಾಡಿಗೆ ಕೋಣೆಗೆ ಬಂದು ದೀಪ ಹಾಕಿದರೆ ಬಂದೆಯಾ ಅನ್ನುವವರಿಲ್ಲ. ಒಂಟಿತನ ಅಭ್ಯಾಸವಾಗುತ್ತದೆ ಅನ್ನುತ್ತಾರಲ್ಲ, ಶುದ್ಧ ಸುಳ್ಳು.

ಹೀಗಿರುವಾಗ ತಂಗಿ ಫೋನು ಮಾಡಿದಳು. ಗಂಡ ತೀರಿಕೊಂಡ ಮೇಲೆ ಅವಳೂ ಒಬ್ಬಳೇ. ಮಾರಾಟಕ್ಕಿದ್ದ ಒಂದು ಹಳೆಯ ಮನೆ ನೋಡಿಟ್ಟಿದ್ದಳು.

"ಕೆಳಗೆ ನಾನಿರ್ತೀನಿ, ಮೇಲೆ ನೀನಿರು. ನೀನು ಚೆನ್ನಾಗಿದೆ ಅಂದ್ರೆ ತಗೋತೀನಿ. ಇಲ್ಲಾಂದ್ರೆ ಆಫೀಸ್ ಹತ್ರ ಒಂದು ರೂಮಿನ ಫ್ಲ್ಯಾಟಿದೆ, ಅದಕ್ಕೆ ಹೋಗ್ತೀನಿ. ಅದ್ರಲ್ಲಿ ನಾನೊಬ್ಳೇ ಹಿಡಿಸೋದು. ನಿನ್ನ ಮಾತೇ ಕೊನೆ ಅಣ್ಣ."

ಹೋದೆ. ಎಂಥ ಮನೆ ಅಂತೀರಿ. ತೊಲೆ ತಟ್ಟಿದರೆ ಗಟ್ಟಿ ಸದ್ದು. ಗೋಡೆಯಲ್ಲಿ ಹನಿ ತೇವವಿಲ್ಲ. ಇಷ್ಟು ವರ್ಷದಲ್ಲಿ ಇಷ್ಟು ಪ್ರಾಮಾಣಿಕವಾಗಿ ಕಟ್ಟಿದ ಮನೆ ನಾನು ನೋಡಿರಲಿಲ್ಲ. ಮೇಲಿನ ಕೋಣೆಯ ನಡುವೆ ಗೋಲಿ ಇಟ್ಟೆ, ಇಟ್ಟಲ್ಲೇ ನಿಂತಿತು. ನನ್ನ ಮಂಚವನ್ನು ಆಗಲೇ ಮನಸ್ಸಿನಲ್ಲಿ ಕಿಟಕಿಯ ಪಕ್ಕ ಹಾಕಿಯೂ ಆಗಿತ್ತು.

ತಂಗಿ ಬಾಗಿಲಲ್ಲಿ ನಿಂತಿದ್ದಳು. "ಹೇಗಿದೆ?"

ಮಾತು ನಾಲಿಗೆಯ ತುದಿಗೆ ಬಂತು. ಜೊತೆಗೆ ಆ ಎದುರು ಬೆಂಚೂ ಕಣ್ಣ ಮುಂದೆ ಬಂತು. ನಾಳೆ ಎಲ್ಲೋ ಒಂದು ಪೈಪು ಒಡೆದು, ಎಲ್ಲೋ ಒಂದು ನಾಯಿ ಬೊಗಳಿ, ಅಲ್ಲಿ ಇವಳು ಕೂತರೆ? ಗೆಳೆಯ ಹೋದದ್ದನ್ನು ಹೇಗೋ ನುಂಗಿಕೊಂಡೆ. ಇವಳೂ ಹೋದರೆ ನನಗೆ ಇನ್ಯಾರಿದ್ದಾರೆ?

"ನೋಡಿದ ಹೊತ್ತಿನಲ್ಲಿ, ಕಣ್ಣಿಗೆ ಕಂಡಷ್ಟರ ಮಟ್ಟಿಗೆ, ದೋಷ ಕಂಡುಬಂದಿಲ್ಲ," ಎಂದೆ.

"ಅದು ವರದಿ. ನಾನು ನನ್ನ ಅಣ್ಣನ್ನ ಕೇಳ್ತಿದೀನಿ."

"ಗೋಡೆ ಒಳಗೆ ಏನಿದೆಯೋ ಯಾರಿಗೆ ಗೊತ್ತು? ಖಾತ್ರಿ ಕೊಡಕ್ಕಾಗಲ್ಲ."

"ನಿನಗೆ ಬರೋಕೆ ಇಷ್ಟ ಇಲ್ಲಾಂದ್ರೆ ಹಾಗೇ ಹೇಳ್ಬಹುದಿತ್ತು," ಎಂದು ಕೆಳಗಿಳಿದು ಹೋದಳು.

"ಹಾಗಲ್ಲ ಕಣೇ" ಎಂದೆ. ಅವಳಿಗೆ ಕೇಳಿಸುವಷ್ಟು ಜೋರಾಗಿ ಅನ್ನಲಿಲ್ಲ.

ಅವಳು ಫ್ಲ್ಯಾಟಿಗೆ ಹೋದಳು. ಫೋನು ಮಾಡಿದರೆ ಎತ್ತುತ್ತಾಳೆ, ಊಟ ಆಯ್ತಾ ಅನ್ನುತ್ತಾಳೆ, ಇಡುತ್ತಾಳೆ.

ಮೊನ್ನೆ ಒಂದು ಎಳೆಯ ಜೋಡಿ ಮನೆ ನೋಡಲು ಕರೆಸಿತು. ವಿಳಾಸ ಕೇಳಿದೆ. ಅದೇ ಮನೆ. ಆಗಲ್ಲ ಅನ್ನಬಹುದಿತ್ತು, ಆದರೂ ಹೋದೆ. ಗಂಡ ಹೆಂಡತಿ ಕೆಳಗೆ ಫ್ರಿಜ್ ಎಲ್ಲಿಡುವುದೆಂದು ಜಗಳವಾಡುತ್ತಿದ್ದರು. ನಾನು ಮೇಲಿನ ಕೋಣೆಗೆ ಹೋಗಿ ಗೋಲಿ ಇಟ್ಟೆ. ಇಟ್ಟಲ್ಲೇ ನಿಂತಿತು. ಕಿಟಕಿಯ ಪಕ್ಕದ ಜಾಗ ಹಾಗೇ ಖಾಲಿಯಿತ್ತು.

"ಚೆನ್ನಾಗಿದೆ ಕಣೇ," ಎಂದೆ. "ತುಂಬ ಚೆನ್ನಾಗಿದೆ. ತಗೋ. ನಾನೂ ಬರ್ತೀನಿ."

ಕೆಳಗಿನಿಂದ ಹುಡುಗಿ ಕೂಗಿದಳು. "ಏನಾದ್ರೂ ಹೇಳಿದ್ರಾ ಸಾರ್?"

"ಇಲ್ಲಮ್ಮ," ಎಂದೆ. ಗೋಲಿ ಎತ್ತಿ ಜೇಬಿಗೆ ಹಾಕಿಕೊಂಡೆ.