ಗರಗಸದಲ್ಲಿ ಕೊಯ್ದ ಕೊಂಬೆಗಳು

ವಾರಿಲೈದ್ ದ್ವೀಪದ ಸುತ್ತ ಸಮುದ್ರ ಹೆಪ್ಪುಗಟ್ಟಿದ ಮೇಲೆ ಆಚೆ ದಡಕ್ಕೆ ಹೋಗುವ ದಾರಿಗೆ ಗುರುತು ನೆಡುವವಳು ನಾನು. ಜೂನಿಪರ್ ಗಿಡದ ಕೊಂಬೆಗಳನ್ನು ಕಡಿದು ತಂದು, ಹಾರೆಯಿಂದ ಮಂಜುಗಡ್ಡೆಯಲ್ಲಿ ತೂತು ಕೊರೆದು, ಇಪ್ಪತ್ತೈದು ಹೆಜ್ಜೆಗೊಂದರಂತೆ ನೆಡುತ್ತ ಹೋಗಬೇಕು. ತೂತಿನಲ್ಲಿ ನೀರು ಏರಿ, ಕೊಂಬೆಯ ಬುಡವನ್ನು ಹಿಡಿದುಕೊಂಡು ಗಟ್ಟಿಯಾಗುತ್ತದೆ. ಆಮೇಲೆ ಮಾರ್ಚ್ ಮುಗಿಯುವವರೆಗೆ ಅದು ಅಲುಗುವುದಿಲ್ಲ. ನನ್ನ ಗಂಡ ಇಪ್ಪತ್ತು ಚಳಿಗಾಲ ಈ ಕೆಲಸ ಮಾಡಿದ. ಅವನು ತೀರಿಕೊಂಡ ಮೇಲೆ, ಶಾಲೆಯಿಂದ ನಿವೃತ್ತಳಾಗಿದ್ದ ನನ್ನ ಪಾಲಿಗೆ ಬಂತು. ನಮ್ಮ ದ್ವೀಪದಲ್ಲಿರುವುದು ಐದೇ ಮನೆ. ಕೊಂಬೆ ಇರುವ ಕಡೆ ಎಲ್ಲರೂ ಧೈರ್ಯವಾಗಿ ನಡೆಯುತ್ತಾರೆ, ಇಲ್ಲದ ಕಡೆ ಕಾಲಿಡುವುದಿಲ್ಲ. ಗುರುತು ನೆಡುವವರನ್ನು ಬಿಟ್ಟು ಇನ್ನು ಯಾರೂ ಮಂಜಿನ ಮೇಲೆ ಒಂದು ಕಡ್ಡಿಯನ್ನೂ ನೆಡಬಾರದು. ಇದನ್ನು ಯಾರೂ ಬರೆದಿಟ್ಟಿಲ್ಲ. ಬರೆದಿಡುವ ಅಗತ್ಯ ಬಿದ್ದಿರಲಿಲ್ಲ.

ಟುಕ್ಸ್ ನನ್ನ ನಾಯಿ. ಬೂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡೇ ಇರುತ್ತಿತ್ತು. ಮರಿಯಾಗಿದ್ದಾಗಿನಿಂದ ನನ್ನ ಜೊತೆ ಕೊಂಬೆ ನೆಡಲು ಬಂದು ಬಂದು, ಕೊಂಬೆಯಿಂದ ಕೊಂಬೆಗೆ ಓಡುವುದೇ ನಡಿಗೆ ಎಂದು ಅದು ತಿಳಿದುಬಿಟ್ಟಿತ್ತು. ಒಂದು ಕೊಂಬೆ ಮುಟ್ಟಿ ತಿರುಗಿ ನೋಡುವುದು, ನಾನು ಬರುತ್ತಿದ್ದೇನೆಂದು ಖಾತ್ರಿಯಾದ ಮೇಲೆ ಮುಂದಿನದಕ್ಕೆ ಓಡುವುದು. ದ್ವೀಪದ ಇನ್ನೊಂದು ಬದಿಯ ವಾಂಬೋಲ ಇದನ್ನು ನೋಡಿ ನಗುತ್ತಿದ್ದ. "ಟೀಚರಮ್ಮ, ನಿಮ್ಮ ಶಾಲೇಲಿ ಕೊನೇವರೆಗೂ ಪಾಸಾಗಿದ್ದು ಇದೊಂದೇ ಅಲ್ವಾ?" ಅವನು ಆಚೆ ದಡದವನು, ನನ್ನ ಹಳೆಯ ವಿದ್ಯಾರ್ಥಿನಿ ಲೀವಿಯನ್ನು ಮದುವೆಯಾಗಿ ಇಲ್ಲಿಗೆ ಬಂದವನು. ದೋಣಿಯ ಹಲಗೆ ಕೊಯ್ಯುವುದು ಅವನ ಕಸುಬು, ಜನರನ್ನು ಚುಚ್ಚಿ ಮಾತಾಡುವುದು ಅವನ ಹವ್ಯಾಸ.

ಆ ವರ್ಷ ಚಳಿ ವಿಪರೀತವಾಗಿತ್ತು. ದ್ವೀಪದ ಉತ್ತರಕ್ಕೆ, ಸೆಳೆತ ಜೋರಾಗಿರುವ ಕಡೆ, ನೀರು ಯಾವತ್ತೂ ಪೂರ್ತಿ ಹೆಪ್ಪುಗಟ್ಟುವುದಿಲ್ಲ. ಹಂಸಗಳೂ ಬಾತುಗಳೂ ಅಲ್ಲಿ ಸೇರಿ, ಈಜಿ ಈಜಿಯೇ ಅದನ್ನು ತೆರೆದಿಡುತ್ತವೆ. ಹಂಸಮಡು ಎನ್ನುತ್ತೇವೆ. ಅದರ ಅಂಚಿನ ಮಂಜು ಹಪ್ಪಳದಷ್ಟು ತೆಳು. ನನ್ನ ದಾರಿ ಅದರಿಂದ ಇನ್ನೂರು ಹೆಜ್ಜೆ ದೂರದಲ್ಲಿ ಬಳಸಿಕೊಂಡು ಹೋಗುತ್ತದೆ. ಆ ಸಲ ಮಡು ಚಿಕ್ಕದಾಗುತ್ತ ಬಂದು, ಹಕ್ಕಿಗಳು ಒಂದರ ಮೇಲೊಂದು ಬೀಳುವಂತೆ ತುಂಬಿಕೊಂಡಿದ್ದವು. ಹಸಿದ ಹಂಸಗಳ ಕೂಗು ಅಡುಗೆಮನೆಗೂ ಕೇಳುತ್ತಿತ್ತು.

ಜನವರಿಯ ಒಂದು ಮಧ್ಯಾಹ್ನ ಆಚೆ ದಡದಿಂದ ಔಷಧಿ ತೆಗೆದುಕೊಂಡು ಹಿಂದಿರುಗುತ್ತಿದ್ದೆ. ಹಿಮ ಅಡ್ಡಡ್ಡ ಬೀಸತೊಡಗಿತು. ಒಂದು ಕೊಂಬೆಯ ಹತ್ತಿರ ನಿಂತರೆ ಮುಂದಿನದು ಮಾತ್ರ ಮಸುಕಾಗಿ ಕಾಣುತ್ತಿತ್ತು. ಟುಕ್ಸ್ ಮುಂದೆ, ನಾನು ಹಿಂದೆ. ಒಂದು ಕಡೆ ಬೂಟಿನ ದಾರ ಬಿಚ್ಚಿತು. ಬಗ್ಗಿ ಕಟ್ಟಿಕೊಂಡು ತಲೆಯೆತ್ತಿದಾಗ ಟುಕ್ಸ್ ಕಣ್ಣಿಗೆ ಕಾಣದಷ್ಟು ಮುಂದಿತ್ತು. ಬೊಗಳಿತು. ಆಮೇಲೆ ಚಟ್ ಎಂದು ಒಂದು ಸದ್ದು. ಹಂಸಗಳೆಲ್ಲ ಒಟ್ಟಿಗೆ ಎದ್ದವು. ಅವುಗಳ ರೆಕ್ಕೆಯ ಗಾಳಿ ನನ್ನ ಮುಖಕ್ಕೆ ತಾಗಿದಾಗಲೇ ನಾನೆಲ್ಲಿದ್ದೇನೆಂದು ಗೊತ್ತಾಗಿದ್ದು. ಹೊಟ್ಟೆಯ ಮೇಲೆ ಮಲಗಿ ತೆವಳಿದೆ. ಕೈಗವಸು ಒದ್ದೆಯಾಯಿತು. ಎಷ್ಟು ಕರೆದರೂ ನಾಯಿಯ ಸದ್ದಿಲ್ಲ. ಟುಕ್ಸ್ ಮುಂದೆ ಓಡದಿದ್ದರೆ ಅಲ್ಲಿಗೆ ಹೋಗುತ್ತಿದ್ದವಳು ನಾನು.

ಮರುದಿನ ಆಕಾಶ ತಿಳಿಯಾಗಿತ್ತು. ಹಾರೆ ಹಿಡಿದು ಹೋದೆ. ನನ್ನ ದಾರಿ ತಿರುಗುವಲ್ಲಿ, ತಿರುಗದೆ ನೇರವಾಗಿ ಹಂಸಮಡುವಿನತ್ತ ಎಂಟು ಕೊಂಬೆಗಳು ಸಾಲಾಗಿ ನಿಂತಿದ್ದವು. ಎಂಟನ್ನೂ ಒಡೆದು ತೆಗೆದು, ಒಂದನ್ನು ತಿರುಗಿಸಿ ನೋಡಿದೆ. ನಾನು ಕೊಂಬೆ ಕಡಿಯುವುದು ಕೊಡಲಿಯಿಂದ, ಬುಡ ಓರೆಯಾಗಿರುತ್ತದೆ. ಇದರ ಬುಡ ತಟ್ಟೆಯಂತೆ ಸಪಾಟು. ನಮ್ಮ ದ್ವೀಪದಲ್ಲಿ ಜೂನಿಪರ್‌ನಂಥ ಸಣ್ಣ ಗಿಡಕ್ಕೂ ಗರಗಸ ಹಾಕುವ ಮನೆ ಒಂದೇ.

ಶುಕ್ರವಾರ, ಆಚೆ ದಡದ ಹಿಲ್ಲಾರ್ ನಮಗೆ ಬ್ರೆಡ್ಡು, ಅಂಚೆ ತರುವ ದಿನ. ಅವನು ಜಾರುಬಂಡಿ ನಿಲ್ಲಿಸುವಲ್ಲಿ ಎಲ್ಲರೂ ಸೇರುತ್ತೇವೆ. ನನ್ನ ಹಲ್ಲಿಗೆ ಗಟ್ಟಿ ಬ್ರೆಡ್ಡು ಆಗುವುದಿಲ್ಲವೆಂದು ಹಿಲ್ಲಾರ್ ನನ್ನದೊಂದನ್ನು ಕೋಟಿನೊಳಗೆ ಇಟ್ಟುಕೊಂಡು, ಹೆಪ್ಪುಗಟ್ಟದಂತೆ ತರುತ್ತಾನೆ. ಅದನ್ನು ತೆಗೆದುಕೊಂಡು, ಆ ಕೊಂಬೆಯನ್ನು ವಾಂಬೋಲನ ಎದೆಯ ಹತ್ತಿರ ಹಿಡಿದೆ.

"ಇದು ನಿನ್ನ ಗರಗಸದ್ದಾ?"

ಅವನು ಕೊಂಬೆಯ ಬುಡ ನೋಡಿದ. ಹೆಂಡತಿಯ ಕಡೆ ನೋಡಿದ. ಲೀವಿಯ ಕೈಯಿಂದ ಬ್ರೆಡ್ಡು ಹಿಮಕ್ಕೆ ಬಿತ್ತು. ಗಂಡನ ಕೃತ್ಯಕ್ಕೆ ಪಾಪ ಇವಳು ನಾಚುತ್ತಿದ್ದಾಳೆ ಎಂದುಕೊಂಡೆ.

"ಗರಗಸ ನಂದೇ," ಎಂದ. "ಏನೀಗ?"

"ಏನೀಗ ಅಂತೀಯಾ? ನನ್ನ ನಾಯಿ ಸತ್ತಿದೆ. ಮೀನಿಗೆ ಬಲೆ ಹಾಕೋಕೆ ಅಡ್ಡದಾರಿ ಬೇಕಿತ್ತಾ ನಿಂಗೆ? ಕೊಂಬೆ ನೆಟ್ಟಿದ್ದು ನಾನೇ ಅಂತ ಇವರೆಲ್ಲರ ಮುಂದೆ ಬಾಯಿಬಿಟ್ಟು ಹೇಳು."

"ಗರಗಸ ನಂದು ಅಂದ್ನಲ್ಲ ಟೀಚರಮ್ಮ. ಇನ್ನೇನು ಕಾಪಿ ಬರೀಬೇಕಾ ನೂರು ಸಲ?"

ಹಿಲ್ಲಾರ್ ಕೆಳಗೆ ನೋಡಿದ. ಯಾರೂ ನಗಲಿಲ್ಲ. ಆದರೆ ನನಗೆ ಎಲ್ಲರೂ ನಕ್ಕಂತೆಯೇ ಕೇಳಿಸಿತು.

ಆವತ್ತೇ ಹೋಗಿ ಅವನ ಮನೆಯ ದೋಣಿಕಟ್ಟೆಗೆ ಹೋಗುತ್ತಿದ್ದ ಕವಲುದಾರಿಯ ಹದಿನಾಲ್ಕು ಕೊಂಬೆಗಳನ್ನು ಬುಡಸಮೇತ ಕಿತ್ತೆ. ಕೊಂಬೆ ಇಲ್ಲದ ದಡಕ್ಕೆ ಹಿಲ್ಲಾರ್ ಬರುವುದಿಲ್ಲ, ಸೌದೆಯ ಗಾಡಿ ಬರುವುದಿಲ್ಲ, ಡಾಕ್ಟರೂ ಬರುವುದಿಲ್ಲ. ವಾಂಬೋಲನಿಗೆ ಬೇಕಾದದ್ದೆಲ್ಲ ನನ್ನ ಕಟ್ಟೆಯಲ್ಲಿ ಇಳಿಯಬೇಕು. ಅಲ್ಲಿಂದ ಅವನು ಬೆನ್ನ ಮೇಲೆ ಹೊತ್ತುಕೊಂಡು, ನನ್ನ ಕಿಟಕಿಯ ಮುಂದೆ ಹಾದು, ಸೊಂಟದುದ್ದದ ಹಿಮದಲ್ಲಿ ಅರ್ಧ ದ್ವೀಪ ಸುತ್ತಿ ಮನೆ ಸೇರಬೇಕು. "ಅಲ್ಲಿ ಮಂಜು ನಂಬೋ ಹಾಗಿಲ್ಲ," ಎಂದು ಊರವರಿಗೆ ಹೇಳಿದೆ. ನಾನು ಹೇಳಿದ ಮೇಲೆ ಮುಗಿಯಿತು.

ಅವನು ಹಾದುಹೋಗುವ ಹೊತ್ತಿಗೆ ನಾನು ಕಿಟಕಿಯ ಬಳಿ ಕಾಫಿ ಹಿಡಿದು ಕೂರುತ್ತಿದ್ದೆ. ಮೊದಲ ವಾರ ಅವನು ಕೈಬೀಸಿದ. ಎರಡನೆಯ ವಾರ ಬೀಸಲಿಲ್ಲ. ಬಾರ್ಲಿ ಮೂಟೆ ಹೊತ್ತ ದಿನ ಮೂರು ಸಲ ಮಂಡಿಯೂರಿದ. ಮೂರೂ ಸಲ ನೋಡಿದೆ. ಕೋಳಿ ಸಾಕದ ಮನೆಗೆ ಇಷ್ಟು ಬಾರ್ಲಿ ಯಾಕೆಂದು ಆಗ ಹೊಳೆಯಲಿಲ್ಲ. ಒಂದು ಬೆಳಿಗ್ಗೆ ಎದ್ದಾಗ ನನ್ನ ಮೆಟ್ಟಿಲ ಮೇಲಿನ ಹಿಮವನ್ನು ಯಾರೋ ಗೋರಿ, ಜಾರದಂತೆ ಬೂದಿ ಎರಚಿದ್ದರು. ಹೆಜ್ಜೆಗುರುತು ವಾಂಬೋಲನದು. ಸಲಿಕೆ ತೆಗೆದುಕೊಂಡು ಪಕ್ಕದ ರಾಶಿಯಿಂದ ಅಷ್ಟೂ ಹಿಮವನ್ನು ಮತ್ತೆ ಮೆಟ್ಟಿಲ ಮೇಲೆ ಸುರಿದೆ. ಅವನು ವಾಪಸು ಬರುವಾಗ ನೋಡಲಿ ಎಂದು.

ಲೀವಿ ಎರಡು ಸಲ ಬಾಗಿಲು ತಟ್ಟಿದಳು. ತೆಗೆಯಲಿಲ್ಲ. ಹೊಸಿಲ ಮೇಲೆ ಉಣ್ಣೆಯ ಕಾಲುಚೀಲ ಇಟ್ಟುಹೋಗಿದ್ದಳು. ಹಿಮ್ಮಡಿಗೆ ಎರಡೆಳೆ ನೂಲು ಸೇರಿಸಿ ಹೆಣೆದಿದ್ದಳು. ನನಗೆ ಹಿಮ್ಮಡಿ ಒಡೆಯುತ್ತದೆಂದು ಮೂರನೆಯ ತರಗತಿಯಲ್ಲಿದ್ದಾಗ ನೋಡಿದವಳು ಇನ್ನೂ ನೆನಪಿಟ್ಟುಕೊಂಡಿದ್ದಳು. ಅದನ್ನು ಹಾಕಿಕೊಂಡೆ. ಅವಳ ಗಂಡನ ಮೇಲಿನ ಸಿಟ್ಟು ಒಂದೆಳೆಯೂ ಕಡಿಮೆಯಾಗಲಿಲ್ಲ.

ಫೆಬ್ರವರಿ ಮಧ್ಯದಲ್ಲಿ ಲೀವಿಗೆ ಜ್ವರ ಬಂದಿದೆ ಎಂದು ಹಿಲ್ಲಾರ್ ಹೇಳಿದ. ಮೂರನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹಂಸಗಳೆಲ್ಲ ಒಟ್ಟಿಗೆ ಎದ್ದ ಸದ್ದು ಕೇಳಿತು. ಆ ಸದ್ದಿಗೆ ನನ್ನ ಕೈ ತಾನಾಗಿ ಕೋಟಿಗೆ ಹೋಯಿತು. ದಡದಲ್ಲಿ ಯಾವಾಗಲೂ ಒಂದು ಹಗುರ ಏಣಿ ಇಟ್ಟಿರುತ್ತೇವೆ. ಅದನ್ನು ಎಳೆದುಕೊಂಡು ಹೋದೆ. ಮಡುವಿನ ಅಂಚು ಕುಸಿದಿತ್ತು. ನೀರಿನಲ್ಲಿ ವಾಂಬೋಲ ಎರಡೂ ಮೊಣಕೈಗಳನ್ನು ಮಂಜಿನ ಮೇಲೆ ಊರಿ ನೇತಾಡುತ್ತಿದ್ದ. ಪಕ್ಕದಲ್ಲಿ ಒಂದು ಚೀಲ ಬಾಯಿಬಿಟ್ಟು ಬಿದ್ದಿತ್ತು. ಅಲ್ಲಿಂದ ದಡದವರೆಗೆ ಒಂದೂ ಕೊಂಬೆ ಇರಲಿಲ್ಲ.

ಹತ್ತು ಹೆಜ್ಜೆ ದೂರದಲ್ಲಿ ಹೊಟ್ಟೆಯ ಮೇಲೆ ಮಲಗಿದೆ. ಏಣಿ ನನ್ನ ಪಕ್ಕದಲ್ಲಿತ್ತು.

"ಟೀಚರ್," ಎಂದ. ಹಲ್ಲು ಕಟಕಟ ಎನ್ನುತ್ತಿತ್ತು. "ಏಣಿ ತಳ್ಳಿ."

"ಆ ಕೊಂಬೆ ನೆಟ್ಟಿದ್ದು ಯಾರು?"

"ಏನು?"

"ಎಂಟು ಕೊಂಬೆ. ಯಾರು ನೆಟ್ಟಿದ್ದು ಅಂತ ಕೇಳ್ದೆ."

"ಮೊದ್ಲು ಮೇಲೆ ಎಳೀರಿ. ಆಮೇಲೆ ಮಾತಾಡೋಣ."

"ಆಮೇಲೆ ನೀನು ತಮಾಷೆ ಮಾಡ್ತೀಯ. ಈಗ ಹೇಳು."

ಅವನು ನನ್ನನ್ನೇ ನೋಡಿದ. ನಾನು ನಿಜವಾಗಿ ಕೇಳುತ್ತಿದ್ದೇನೆಂದು ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಒಂದು ಮೊಣಕೈ ಜಾರಿತು. ಮತ್ತೆ ಊರಿಕೊಂಡ. ಏಣಿಯ ಮೇಲೆ ನನ್ನ ಕೈ ಇತ್ತು. ನಾನು ತಳ್ಳಲಿಲ್ಲ.

"ನಾನೇ," ಎಂದ.

"ಪೂರ್ತಿ ವಾಕ್ಯದಲ್ಲಿ ಹೇಳು."

ನಲವತ್ತು ವರ್ಷ ಮಕ್ಕಳಿಗೆ ಹೇಳಿದ ಮಾತು ಅದು. ಅವನ ತುಟಿ ನೀಲಿಯಾಗಿತ್ತು.

"ಕೊಂಬೆ ನೆಟ್ಟಿದ್ದು... ನಾನು. ನಿಮ್ಮ ನಾಯಿ... ಸತ್ತಿದ್ದು... ನನ್ನಿಂದ."

ಆ ಕ್ಷಣದಲ್ಲಿ ನನಗಾದ ಸುಖವನ್ನು ಚಿಕ್ಕದು ಮಾಡಿ ಬರೆದರೆ ಸುಳ್ಳಾಗುತ್ತದೆ. ತಿಂಗಳಿನಿಂದ ಬೆಚ್ಚಗಾಗದಿದ್ದ ಕೈಬೆರಳುಗಳು ಬೆಚ್ಚಗಾದವು. ಆಮೇಲೆ ಏಣಿ ತಳ್ಳಿದೆ. ಅವನು ಮೆಟ್ಟಿಲು ಮೆಟ್ಟಿಲಾಗಿ ಹಿಡಿದು ಮೇಲೆ ಬಂದ. ನನ್ನ ಕೋಟು ಬಿಚ್ಚಿ ಅವನಿಗೆ ಹೊದಿಸಿ, ಭುಜ ಕೊಟ್ಟು ಮನೆಯವರೆಗೆ ನಡೆಸಿದೆ.

ಜ್ವರದಲ್ಲೇ ಲೀವಿ ಹಾಸಿಗೆಯಿಂದ ಎದ್ದುಬಂದಳು. ಒದ್ದೆ ಬಟ್ಟೆ ತೆಗೆದು, ಕಂಬಳಿ ಸುತ್ತಿ, ಒಲೆಯ ಪಕ್ಕ ಕೂರಿಸಿದೆವು. ಬಿಸಿಹಾಲು ಕುಡಿಸಿದೆವು. ಅವನ ತುಟಿಗೆ ಬಣ್ಣ ಬಂದ ಮೇಲೆ ಲೀವಿ ನನ್ನ ಎರಡೂ ಕೈ ಹಿಡಿದುಕೊಂಡು ನೆಲಕ್ಕೆ ಕುಸಿದಳು.

"ಟೀಚರ್, ಅದು ನಾನು."

"ಸುಮ್ನಿರು ಲೀವಿ," ಎಂದ ವಾಂಬೋಲ.

"ಸುಮ್ನಿರಲ್ಲ. ಹಂಸಗಳು ಹಸಿವಿಗೆ ಸಾಯ್ತಿದ್ವು ಟೀಚರ್. ದಿನಾ ಬಾರ್ಲಿ ಹಾಕೋಕೆ ಹೋಗ್ತಿದ್ದೆ. ಹಿಮ ಬಿದ್ರೆ ವಾಪಸ್ ಬರೋಕೆ ದಾರಿ ತಪ್ಪುತ್ತೆ ಅಂತ ಭಯ. ನೀವು ಔಷಧಿಗೆ ಹೋಗಿದ್ದ ದಿನಾನೇ ಇವ್ರ ಗರಗಸ ತಗೊಂಡು ಹೋಗಿ ಎಂಟು ಕೊಂಬೆ ಕೊಯ್ದು ನೆಟ್ಟೆ. ಟುಕ್ಸ್ ಕೊಂಬೆ ನೋಡ್ಕೊಂಡು ಹೋಗುತ್ತೆ ಅಂತ ನಂಗೆ ಹೊಳೀಲೇ ಇಲ್ಲ. ನಿಮ್ಮ ಕ್ಲಾಸಲ್ಲಿ ಓದಿದೋಳು ನಾನು, ನಂಗೇ ಹೊಳೀಲಿಲ್ಲ. ಇವ್ರು, ಹೇಳ್ಬೇಡ, ನನ್ನನ್ನ ಬೈದ್ರೆ ಬೈಲಿ, ನಂಗೆ ಅಭ್ಯಾಸ ಇದೆ ಅಂದ್ರು. ಇವತ್ತೂ ನಾನೇ ಕಳಿಸಿದ್ದು, ಹಕ್ಕಿಗಳು ಕಾಯ್ತಿರುತ್ತವೆ ಅಂತ. ನಿಮ್ಮ ನಾಯೀನ ಕೊಂದೆ, ನೀವು ನನ್ನ ಗಂಡನ್ನ ಉಳಿಸಿಕೊಟ್ರಿ."

ನನ್ನ ಕೈಗೆ ಹಣೆ ಒತ್ತಿಕೊಂಡು ಅತ್ತಳು. ಹಣೆ ಸುಡುತ್ತಿತ್ತು. ಅವಳ ತಲೆಯ ಮೇಲಿನಿಂದ ವಾಂಬೋಲ ನನ್ನನ್ನು ನೋಡುತ್ತಿದ್ದ. ನಾನು ಬಾಯಿ ತೆರೆದೆ.

"ತಕ್ಷಣ ಬಂದ್ರು ಕಣೆ," ಎಂದ ಅವನು ಹೆಂಡತಿಗೆ. "ಬಂದೋರೇ ಏಣಿ ತಳ್ಳಿದ್ರು. ಒಂದು ಮಾತೂ ಕೇಳ್ಲಿಲ್ಲ."

ಅವಳು ಕಷಾಯ ಕಾಯಿಸಲು ಒಳಗೆ ಹೋದಾಗ ಕೇಳಿದೆ. "ಯಾಕೆ ಹಾಗಂದೆ?"

"ನನ್ನ ಬಾಯಲ್ಲಿ ಸುಳ್ಳು ಹೇಳಿಸಿದ್ರಲ್ಲ, ಚೆನ್ನಾಗಿತ್ತು. ಇನ್ನೊಂದು ಹೇಳ್ದೆ." ಕಂಬಳಿಯೊಳಗಿಂದ ಅವನು ಮೆಲ್ಲಗೆ ಮಾತಾಡಿದ. "ಯಾರಿಗೂ ಹೇಳಲ್ಲ. ಲೀವಿಗಂತೂ ಹೇಳೋದೇ ಇಲ್ಲ. ಊರೆಲ್ಲ ನಿಮ್ಮನ್ನ ಹೊಗಳ್ಲಿ. ಎಷ್ಟು ದಿನ ತಡ್ಕೋತೀರೋ ನೋಡ್ತೀನಿ."

ಮರುದಿನ ಅವನ ಕಟ್ಟೆಗೆ ಹದಿನಾಲ್ಕು ಕೊಂಬೆಗಳನ್ನು ನೆಟ್ಟುಕೊಟ್ಟೆ. ಅವನು ಕಿಟಕಿಯಿಂದ ನೋಡುತ್ತಿದ್ದ. ಕೈಯಲ್ಲಿ ಕಾಫಿ ಇತ್ತು.

ಜ್ವರ ಇಳಿದ ಮೇಲೆ ಲೀವಿ ವಾರಕ್ಕೆರಡು ಸಲ ಬರತೊಡಗಿದಳು. ಬಿಸಿ ಬ್ರೆಡ್ಡು, ಹೊಗೆಯಾಡಿಸಿದ ಮೀನು, ಕಾಡುಹಣ್ಣಿನ ಜಾಮು. ಪ್ರತಿ ಸಲವೂ ಕಣ್ಣು ತುಂಬಿಕೊಂಡು ನನ್ನ ಕೆನ್ನೆಗೆ ಮುತ್ತಿಡುತ್ತಾಳೆ. ಟುಕ್ಸ್ ವಿಷಯಕ್ಕೆ ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಪ್ರಯತ್ನಪಟ್ಟೆ. ಆಗಲಿಲ್ಲ. ಹಿಲ್ಲಾರ್ ಈಗ ನನ್ನ ಬ್ರೆಡ್ಡನ್ನು ಕೋಟಿನೊಳಗಿಂದ ತೆಗೆಯುವಾಗ ಟೋಪಿಯನ್ನೂ ತೆಗೆಯುತ್ತಾನೆ. ವಾಂಬೋಲ ನನ್ನನ್ನು ಟೀಚರಮ್ಮ ಎಂದು ಚುಚ್ಚುವುದನ್ನು ಬಿಟ್ಟಿದ್ದಾನೆ. ಬಹಳ ಮರ್ಯಾದೆಯಿಂದ ಮಾತಾಡಿಸುತ್ತಾನೆ.

ಮಾರ್ಚ್‌ನಲ್ಲಿ ಆಚೆ ದಡದ ಪತ್ರಿಕೆಯಿಂದ ಒಬ್ಬ ಹುಡುಗಿ ಕ್ಯಾಮೆರಾ ಹಿಡಿದು ಬಂದಳು. ಕರೆಸಿದ್ದು ವಾಂಬೋಲ. ನನ್ನ ಮನೆಯ ಮುಂದೆ ಎಲ್ಲರೂ ಸೇರಿದ್ದರು. ಲೀವಿ ನನ್ನ ತೋಳು ಹಿಡಿದು ನಿಂತಿದ್ದಳು.

"ನೀರಲ್ಲಿ ಎಷ್ಟು ಹೊತ್ತು ಇದ್ರಿ ಸರ್?" ಎಂದು ಹುಡುಗಿ ಕೇಳಿದಳು.

"ಅದನ್ನ ಇವ್ರನ್ನೇ ಕೇಳಿ. ನಂಗೆ ಪ್ರಜ್ಞೆ ಎಲ್ಲಿತ್ತು," ಎಂದ ವಾಂಬೋಲ, ನನ್ನ ಕಡೆ ಕೈ ತೋರಿಸಿ.

ಹುಡುಗಿ ಪೆನ್ನು ಹಿಡಿದು ಕಾದಳು. ಎಲ್ಲರೂ ಕಾದರು. ಅವನು ಒಂದಿಷ್ಟೂ ಅವಸರವಿಲ್ಲದೆ ಕಾದ. ಲೀವಿ ನನ್ನ ತೋಳನ್ನು ಇನ್ನೂ ಹತ್ತಿರಕ್ಕೆ ಒತ್ತಿಕೊಂಡಳು.

"ಹೆಚ್ಚು ಹೊತ್ತು ಇಲ್ಲ," ಎಂದೆ.

"ಪೂರ್ತಿ ಹೇಳಿ ಟೀಚರ್," ಎಂದ ವಾಂಬೋಲ ಮೃದುವಾಗಿ. "ಅವ್ರು ಬರ್ಕೋಬೇಕಲ್ಲ."

"ವಾಂಬೋಲ ಹೆಚ್ಚು ಹೊತ್ತು ನೀರಿನಲ್ಲಿ ಇರಲಿಲ್ಲ. ನಾನು ಹೋದ ತಕ್ಷಣ ಏಣಿ ಕೊಟ್ಟೆ."

ಹುಡುಗಿ ಬರೆದುಕೊಂಡು, ಕ್ಯಾಮೆರಾ ಎತ್ತಿ, ಸ್ವಲ್ಪ ನಗಿ ಅಜ್ಜಿ ಎಂದಳು. ನಕ್ಕೆ.