ಎರಡು ಬೀಗದ ಬೀರುವಿನೊಳಗಿನ ಬಾವುಟ

ನಾನು ಒಂದು ಕೆಂಪು ಬಾವುಟ. ಇಟಲಿಯ ಒಂದು ಪುಟ್ಟ ಊರಿನಲ್ಲಿ, ಎರ್ಸೀಲಿಯಾ ಎಂಬ ಎಳೆಯ ತಾಯಿಯ ಅಡುಗೆಮನೆಯ ಮೇಜಿನ ಮೇಲೆ ಹುಟ್ಟಿದೆ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಅವಳು ಒಮ್ಮೆ ಸೌಟು, ಒಮ್ಮೆ ಸೂಜಿ ಹಿಡಿಯುತ್ತ ನನ್ನ ನಡುವೆ ಹಳದಿ ಬಟ್ಟೆಯ ಸೂರ್ಯನನ್ನು ಹೊಲಿದಳು. ಅದರ ಒಂದು ಕಿರಣ ಸೊಟ್ಟಗಿದೆ. ಅದನ್ನು ಹೊಲಿಯುವಾಗ ತೊಟ್ಟಿಲಲ್ಲಿ ಮಗು ಅತ್ತಿತ್ತು.

ನಾನು ಸೋಷಿಯಲ್ ಡೆಮಾಕ್ರಟರ ಬಾವುಟ. ಹೊಡೆದಾಟವಿಲ್ಲದೆ, ಮತದಿಂದಲೇ ದುಡಿಯುವವರ ಬದುಕು ಹಸನಾಗಬೇಕು ಎನ್ನುವವರು ಅವರು. ಮೇ ಒಂದರ ಮೆರವಣಿಗೆಗೆ ನನ್ನನ್ನು ಒಯ್ಯುವಾಗ ಎರ್ಸೀಲಿಯಾ ಬಾಗಿಲಲ್ಲಿ ನಿಂತು, "ಮುಂದಿನ ವರ್ಷ ನಾನೂ ಬರ್ತೀನಿ" ಎನ್ನುತ್ತಿದ್ದಳು. ಒಂದು ವರ್ಷ ಮಗುವಿಗೆ ಜ್ವರ, ಮರುವರ್ಷ ಮೆರವಣಿಗೆಯವರಿಗೆಲ್ಲ ಅಡುಗೆ. ಅವಳು ಬರಲೇ ಇಲ್ಲ.

ಹೊಡೆದಾಡದವರು ಜಗಳವಾಡುವುದಿಲ್ಲ ಎಂದೇನಿಲ್ಲ. ಪಕ್ಷದಲ್ಲಿ ಎರಡು ಗುಂಪಾಯಿತು. ಒಂದು ಗುಂಪಿನವರು ನನ್ನನ್ನು ಕದ್ದೊಯ್ಯುತ್ತಾರೆಂದು ಇನ್ನೊಂದು ಗುಂಪಿಗೆ ಭಯ. ಕೊನೆಗೆ ಗಾಜಿನ ಬಾಗಿಲಿನ ಒಂದು ಬೀರು ತಂದು ಎರಡು ಬೀಗ ಹಾಕಿಸಿದರು. ಒಂದು ಕೀಲಿ ಒಂದು ಗುಂಪಿನ ಅಂಚೆಯ ಅಮೆದೆಯೊ ಬಳಿ, ಇನ್ನೊಂದು ಎದುರು ಗುಂಪಿನ ಕ್ಷೌರಿಕ ಗ್ವೀದೊ ಬಳಿ. ಇಬ್ಬರೂ ಒಟ್ಟಿಗೆ ಬಂದರೆ ಮಾತ್ರ ಬಾಗಿಲು ತೆರೆಯಬೇಕು ಎಂದು ಸಭೆ ಕೈಯೆತ್ತಿ ಒಪ್ಪಿತು. ಅವತ್ತು ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಒಳಗಿದ್ದೆ.

ಆ ಇಬ್ಬರೂ ಒಟ್ಟಿಗೆ ಬರಲಿಲ್ಲ. ರಸ್ತೆಯಲ್ಲಿ ಎದುರಾದರೆ ಒಬ್ಬರು ಈ ಬದಿ, ಒಬ್ಬರು ಆ ಬದಿ. ಮೊದಮೊದಲು ಗಾಜಿನಿಂದ ಸಭೆಗಳನ್ನು ನೋಡುತ್ತಿದ್ದೆ. ಕುರ್ಚಿಗಳು ಒಂದೊಂದಾಗಿ ಖಾಲಿಯಾದವು. ಒಂದು ದಿನ ಪಕ್ಷವೇ ಇಲ್ಲವಾಯಿತು. ಬೀರುವನ್ನು ದ್ರಾಕ್ಷಾರಸ ಸಹಕಾರ ಸಂಘದ ಉಗ್ರಾಣಕ್ಕೆ ಸಾಗಿಸಿ, ಗಾಜು ಒಡೆಯದಿರಲೆಂದು ಗೋಡೆಗೆ ಮುಖಮಾಡಿ ನಿಲ್ಲಿಸಿದರು. ಆಮೇಲೆ ನನಗೆ ಕಾಣುತ್ತಿದ್ದುದು ಒಂದೇ ಗೋಡೆ. ಮಡಚಿಟ್ಟ ನನಗೆ ಮಡಿಕೆಯ ಮೇಲೆ ಮಡಿಕೆ, ನನ್ನ ಭಾರ ನನ್ನ ಮೇಲೇ. ನುಸಿಯೊಂದು ನನ್ನ ಅಂಚನ್ನು ತಿನ್ನುವಾಗ ಕೊಡವಿಕೊಳ್ಳಲೂ ಆಗಲಿಲ್ಲ. ಗಾಳಿ ಹೇಗಿರುತ್ತದೆಂಬುದೇ ಮರೆತುಹೋಗುತ್ತಿತ್ತು.

ಎಷ್ಟೋ ವರ್ಷಗಳ ನಂತರ ಯಾರೋ ಬೀರುವನ್ನು ತಿರುಗಿಸಿದರು. ಎದುರಿಗೆ ನೀವೆಸ್ ಎಂಬ ನರ್ಸ್, ಪಕ್ಕದಲ್ಲಿ ತಲೆ ನರೆತ ಅಮೆದೆಯೊ. ಆ ಹಳೆಯ ದಾರಿಯನ್ನೇ ಮತ್ತೆ ಹಿಡಿಯಲು ಅವರು ಹೊಸ ಪಕ್ಷ ಕಟ್ಟಿದ್ದರು. ಪಕ್ಷವೆಂದರೆ ಒಂದು ಊಟದ ಮೇಜಿನ ಸುತ್ತ ಹಿಡಿಸುವಷ್ಟು ಜನ. ಅವರ ಹಿಂದೆ ಕೋಲೂರಿಕೊಂಡು ಮುದುಕಿಯೊಬ್ಬಳು ನಿಂತಿದ್ದಳು. ಅವಳು ಗಾಜಿಗೆ ಬೆರಳು ಒತ್ತಿ ಸೊಟ್ಟ ಕಿರಣವನ್ನು ಹುಡುಕಿದಾಗ ನನಗೆ ಗುರುತು ಸಿಕ್ಕಿತು.

"ಈ ಸಲ ನಡೀತೀನಿ. ಮುಂದಿನ ವರ್ಷ ಅನ್ನೋಕೆ ನನ್ನ ಕಾಲಲ್ಲಿ ಬಲ ಇಲ್ಲ" ಎಂದಳು ಎರ್ಸೀಲಿಯಾ.

ಗ್ವೀದೊ ಕೀಲಿ ಕೊಡಲಿಲ್ಲ. ಹಳೆಯ ಪಕ್ಷ ಸತ್ತಿದೆ, ಇದು ಬರೀ ವೇಷ ಎಂದು ಹೇಳಿ ಕಳಿಸಿದನಂತೆ. "ಗಾಜು ಒಡೆಯೋಣ" ಎಂದಳು ನೀವೆಸ್. ಅಮೆದೆಯೊ ಒಪ್ಪಲಿಲ್ಲ. "ಸಭೆಯ ತೀರ್ಮಾನ ಅದು. ಮುರಿದ್ರೆ ನಾವು ವಾರಸುದಾರರಲ್ಲಮ್ಮ, ಕಳ್ಳರು."

ಹಾಗಾಗಿ ಮೇ ಒಂದರಂದು ಅವರು ನನ್ನನ್ನು ಬೀರು ಸಮೇತ ತಳ್ಳುಗಾಡಿಯ ಮೇಲೆ ಹೊರಡಿಸಿದರು. ಜನ ನಕ್ಕರು. ಹೊರಗೆ ಮರಗಳೆಲ್ಲ ಅಲ್ಲಾಡುತ್ತಿದ್ದವು, ನಾನು ಮಾತ್ರ ಅಲ್ಲಾಡಲಿಲ್ಲ. ಉಗ್ರಾಣದಲ್ಲೂ ಅಷ್ಟು ಉಸಿರು ಕಟ್ಟಿರಲಿಲ್ಲ.

ಚೌಕದಲ್ಲಿ ಗ್ವೀದೊ ತನ್ನ ಅಂಗಡಿಯ ಬಾಗಿಲಿಗೆ ಬಂದ. ಕೈಯಲ್ಲಿ ಸೋಪಿನ ನೊರೆ.

"ಏನು ಸಂಗಾತಿ, ಮನೆ ಖಾಲಿ ಮಾಡ್ತಿದ್ದೀರಾ? ಮಂಚ ಎಲ್ಲಿ?"

"ಬೀಗ ಹಾಕ್ಬೇಕಿದ್ದದ್ದು ನಿನ್ನ ಬಾಯಿಗೆ" ಎಂದಳು ಎರ್ಸೀಲಿಯಾ. ಗಾಡಿ ನಿಂತಿತು. ಅವಳು ಏದುಸಿರು ಬಿಡುತ್ತ ಬೀರುವಿಗೆ ಒರಗಿದಳು. "ಪಕ್ಷ ಹಳೇದೋ ಹೊಸದೋ ನೀವೇ ಜಗಳ ಆಡ್ಕೊಳ್ಳಿ. ಆ ಸೊಟ್ಟ ಕಿರಣ ನಂದು, ಗ್ವೀದೊ. ನಿಮಗೆಲ್ಲ ಬೇಯಿಸಿ ಹಾಕ್ತಾ ಒಂದು ಸಲಾನೂ ಅದರ ಹಿಂದೆ ನಡೀಲಿಲ್ಲ."

ಗ್ವೀದೊ ಒಳಗೆ ಹೋದ. ಮುಗಿಯಿತು ಎಂದುಕೊಂಡೆ. ಅವನು ಕೈ ಒರೆಸಿಕೊಂಡು ಹೊರಬಂದ.

"ಕೀಲಿ ಕೊಡಲ್ಲ" ಎಂದ. "ನಾನೇ ತೆಗೀತೀನಿ."

"ತೆಗಿ ಮಾರಾಯ, ಯಾರು ಬೇಡ ಅಂದ್ರು?" ಎಂದ ಅಮೆದೆಯೊ.

ಎರಡು ಬೀಗಗಳೂ ಅಕ್ಕಪಕ್ಕದಲ್ಲಿದ್ದುದರಿಂದ ಇಬ್ಬರೂ ಭುಜಕ್ಕೆ ಭುಜ ತಾಗಿಸಿಯೇ ಬಾಗಬೇಕಾಯಿತು.

ಬಾಗಿಲು ತೆರೆದು ನನ್ನನ್ನು ಬಿಚ್ಚಿ ಎತ್ತಿ ಹಿಡಿದರು. ಗಾಳಿ ಬಂದು ತಾಗಿದಾಗ ನನ್ನ ಮಡಿಕೆಯೊಂದು ಉದ್ದಕ್ಕೆ ಹರಿದುಹೋಯಿತು. ಎರ್ಸೀಲಿಯಾ ಹರಿದ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಚೌಕದ ಸುತ್ತ ನಡೆದಳು, ಬಹಳ ನಿಧಾನವಾಗಿ. ಅವಳ ಹೆಜ್ಜೆಗೆ ಮೆರವಣಿಗೆಯೇ ಹೆಜ್ಜೆ ಹಾಕಿತು.

ಸಂಜೆ ಹೊಸ ಪಕ್ಷದ ಪುಟ್ಟ ಕೋಣೆಯಲ್ಲಿ ಅಮೆದೆಯೊ, ಗ್ವೀದೊ ಇಬ್ಬರೂ ಹಳೆಯ ತೀರ್ಮಾನದಂತೆ ನನ್ನನ್ನು ಮಡಿಸಿ ಬೀರುವಿನ ಕಡೆ ತಿರುಗಿದರು. ಅಷ್ಟರಲ್ಲಿ ಎರ್ಸೀಲಿಯಾ ಅದರ ತುಂಬ ಕಾಫಿ ಬಟ್ಟಲುಗಳನ್ನು ಜೋಡಿಸಿ ಆಗಿತ್ತು.

ಈಗ ನಾನು ಅದೇ ಕೋಣೆಯಲ್ಲಿ, ಕಿಟಕಿಯ ಪಕ್ಕ ತೂಗುತ್ತಿದ್ದೇನೆ. ಗ್ವೀದೊ ಸದಸ್ಯನಾಗಿಲ್ಲ, ಆದರೆ ದಿನವೂ ಬಂದು ಜಗಳವಾಡಿ ಕಾಫಿ ಕುಡಿದು ಹೋಗುತ್ತಾನೆ. ಹರಿದಲ್ಲಿ ಎರ್ಸೀಲಿಯಾಳ ನಡುಗುವ ಹೊಲಿಗೆಯಿದೆ. ಎಷ್ಟು ಇಸ್ತ್ರಿ ಮಾಡಿದರೂ ಮಡಿಕೆಯ ಗೆರೆಗಳು ಹೋಗಿಲ್ಲ. ಗಾಳಿ ಬೀಸಿದರೆ ಈಗಲೂ ಮೊದಲು ಆ ಗೆರೆಗಳಲ್ಲೇ ಮಡಚಿಕೊಳ್ಳುತ್ತೇನೆ, ಆಮೇಲೆ ಬಿಚ್ಚಿಕೊಳ್ಳುತ್ತೇನೆ.